ಅಮಾವಾಸ್ಯೆಯ ದಿನಗಳಲ್ಲಿ ಮತ್ತೆ ನೋಡಬಹುದಾದ ದೆವ್ವದ ಚಿತ್ರಗಳು

ಪ್ರಶ್ನೆ (ಕಲಬುರಗಿ): ಮಹಾಲಯ ಅಮಾವಾಸ್ಯೆಯಿಂದ ದೀಪಾವಳಿಯವರೆಗೆ ನಮ್ಮ ಮನೆಯವರೆಲ್ಲ ರಾತ್ರಿ ಊಟದ ನಂತರ ಕೂಡಿ ದೆವ್ವದ ಸಿನಿಮಾ ನೋಡುವ ರೂಢಿಯಿದೆ. ಕಥೆ ಗೊತ್ತಿದ್ದರೂ ಮತ್ತೆ ಹೆದರಿಸುವ ಕನ್ನಡ ಚಿತ್ರಗಳು ಯಾವುವು, ದಯವಿಟ್ಟು ತಿಳಿಸಿ.

ಉತ್ತರ (ಬೀದರ್): ಅಣ್ಣನವರೇ, 1979ರ ‘ನಾ ನಿನ್ನ ಬಿಡಲಾರೆ’ಯನ್ನು ಮೊದಲು ನೋಡಿ. ಹೆಣ್ಣು ದೆವ್ವ ಮೈಮೇಲೆ ಬಂದಾಗ ಅನಂತ್ ನಾಗ್ ಅವರ ಅಭಿನಯ ಬದಲಾಗುವ ರೀತಿಗೆ ಇಂದಿನ ಯಾವ ಗ್ರಾಫಿಕ್ಸೂ ಸಾಟಿಯಲ್ಲ. ನಾನು ಚಿಕ್ಕವಳಿದ್ದಾಗ ಇದನ್ನು ನೋಡುವ ಹೊತ್ತಿಗೇ ಕರೆಂಟು ಹೋಗಿ, ಅಜ್ಜಿ ಕಂದೀಲು ಹಚ್ಚುವವರೆಗೆ ಆಕೆಯ ಸೆರಗನ್ನು ಬಿಗಿಯಾಗಿ ಹಿಡಿದು ಕುಳಿತಿದ್ದೆ.

ಉತ್ತರ (ಯಾದಗಿರಿ): ಅಕ್ಕನವರ ಮಾತು ನಿಜ. ಆದರೆ ಎರಡನೆಯ ಸಲ ಹೆಚ್ಚು ದಕ್ಕುವುದು 2004ರ ‘ಆಪ್ತಮಿತ್ರ’. ಮಲಯಾಳದ ‘ಮಣಿಚಿತ್ರತ್ತಾಳ್’ ಇದರ ಮೂಲ. ಗುಟ್ಟು ತಿಳಿದ ಮೇಲೆ ಸೌಂದರ್ಯ ಅವರ ನೋಟ, ಮೌನಗಳನ್ನು ಆರಂಭದಿಂದಲೇ ಗಮನಿಸುತ್ತಾ ಹೋದರೆ ಹೊಸ ಚಿತ್ರವನ್ನೇ ನೋಡಿದಂತಾಗುತ್ತದೆ. ಚಿತ್ರ ತೆರೆಕಾಣುವ ಮೊದಲೇ ಅವರು ತೀರಿಕೊಂಡದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಈ ಶನಿವಾರ ‘ನಾ ನಿನ್ನ ಬಿಡಲಾರೆ’ಯಿಂದಲೇ ಆರಂಭಿಸುತ್ತೇವೆ.