ಪದಚರ್ಚೆ: ಬೇಸ್‌ಬಾಲ್‌ನ ‘ಎರರ್’ಗೆ ‘ಕೈತಪ್ಪು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಪೀಠಿಕೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿಗೆ ಬಂದ ಮೇಲೆ ಹತ್ತಿದ ಚಟ ಬೇಸ್‌ಬಾಲ್. ಈಗ ಅರಸೀಕೆರೆಯಿಂದ ಅಪ್ಪ, ಅಮ್ಮ ಬಂದಿದ್ದಾರೆ. ಅಪ್ಪ ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕ್ರಿಕೆಟ್ ಬಿಟ್ಟರೆ ಉಳಿದದ್ದು ಆಟವೇ ಅಲ್ಲ ಅನ್ನುವ ಪೈಕಿ. ಆದರೆ 2024ರ ಅಕ್ಟೋಬರ್‌ನಲ್ಲಿ ಭಾರತ ಬೆಂಗಳೂರಿನಲ್ಲೇ 46ಕ್ಕೆ ಆಲೌಟಾದಾಗಿನಿಂದ ಅವರಿಗೆ ಕ್ರಿಕೆಟ್ ಮೇಲೆ ಮುನಿಸು. ಹಾಗಾಗಿ ವರ್ಲ್ಡ್ ಸೀರೀಸ್‌ನ (ಇಲ್ಲಿನ ಬೇಸ್‌ಬಾಲ್ ಲೀಗ್‌ನ ಫೈನಲ್ ಸರಣಿ) ಐದನೇ ಪಂದ್ಯವನ್ನು ನನ್ನ ಜೊತೆ ಕೂತು ಪೂರ್ತಿ ನೋಡಿದರು.

ಅವತ್ತು ಅಕ್ಟೋಬರ್ 30. ಇಲ್ಲಿ ಸಂಜೆ, ನೀರು ತುಂಬುವ ಹಬ್ಬ. ಹಂಡೆ ಎಲ್ಲಿಂದ ಬರಬೇಕು, ಸ್ಟೀಲ್ ಪಾತ್ರೆಗೇ ಅರಿಶಿನ ಕುಂಕುಮ ಹಚ್ಚಿ ಅಮ್ಮ ಕರೆಯುತ್ತಿದ್ದರು. ನಾವಿಬ್ಬರೂ ಏಳಲಿಲ್ಲ. ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು ನ್ಯೂಯಾರ್ಕ್ ಯಾಂಕೀಸ್ 5–0 ಮುಂದಿತ್ತು. ಯಾಂಕೀಸ್‌ನ ಪಿಚರ್ (ಚೆಂಡು ಎಸೆಯುವವನು) ಗೆರಿಟ್ ಕೋಲ್ ನಾಲ್ಕು ಇನಿಂಗ್ಸ್ ಒಂದೂ ಹಿಟ್, ಅಂದರೆ ಹೊಡೆದವನು ಓಡಿ ಬೇಸ್ (ಓಟದ ದಾರಿಯ ಠಾಣೆ) ಮುಟ್ಟುವಂಥ ಹೊಡೆತ, ಕೊಟ್ಟಿರಲಿಲ್ಲ. ಐದನೆಯದರಲ್ಲಿ ಎಲ್ಲ ಕೆಟ್ಟಿತು. ಮೊದಲು ಒಂದು ಸಾದಾ ಹಿಟ್ ಬಂತು. ಆಮೇಲೆ ಸೆಂಟರ್ ಫೀಲ್ಡ್‌ನಲ್ಲಿದ್ದ ಆರನ್ ಜಡ್ಜ್ ತನ್ನ ಕಡೆಗೇ ಬಂದ ಸುಲಭದ ಕ್ಯಾಚ್ ಬಿಟ್ಟ. ಆ ವರ್ಷ 58 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ ಮನುಷ್ಯ ಅವನು. ಹಿಂದೆಯೇ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಆಂತನಿ ವೋಲ್ಪಿ ಮೂರನೇ ಬೇಸ್‌ಗೆ ಎಸೆದ ಚೆಂಡು ನೆಲಕ್ಕೆ ಬಡಿದು ಹಾಳಾಯಿತು. ಟಿವಿಯ ಮೂಲೆಯಲ್ಲಿ ‘ಇ’ ಅನ್ನುವ ಕಾಲಂನಲ್ಲಿ 1 ಇದ್ದದ್ದು 2 ಆಯಿತು.

ಅಪ್ಪ ಕನ್ನಡಕ ಸರಿಮಾಡಿಕೊಂಡು, “ಇದೇನೋ ಮೂರನೇ ಕಾಲಂ?” ಅಂದರು.

“ಮೊದಲನೇದು ಓಟ, ಎರಡನೇದು ಹಿಟ್, ಮೂರನೇದು ಎರರ್, ಅಪ್ಪ. ಫೀಲ್ಡರ್ ಮಾಡಿದ ತಪ್ಪು.”

“ತಪ್ಪನ್ನೂ ಲೆಕ್ಕ ಇಟ್ಟು ಊರಿಗೆಲ್ಲ ತೋರಿಸ್ತಾರಾ? ಪರವಾಗಿಲ್ಲ ಕಣೋ ಈ ಆಟ!”

ಅಲ್ಲಿಂದ ಶುರುವಾಯಿತು ನನ್ನ ತಲೆನೋವು. ‘ತಪ್ಪು’ ಅಂತ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಆದರೆ ಅದು ಒಗ್ಗುತ್ತಿಲ್ಲ. ತಪ್ಪು ಮಾಡಿದವನಿಗೆ ತಪ್ಪುಕಾಣಿಕೆ ಇದೆ, ದಂಡ ಇದೆ, ಕ್ಷಮೆ ಕೇಳುವುದಿದೆ. ಕ್ಯಾಚ್ ಬಿಟ್ಟವನು ಅಷ್ಟು ದೊಡ್ಡ ಅಪರಾಧಿ ಏನಲ್ಲ. ಹಾಗೆ ನೋಡಿದ್ದರಿಂದಲೇ ಬಾಸ್ಟನ್ ತಂಡದ ಬಿಲ್ ಬಕ್ನರ್ ಬದುಕು ಕಷ್ಟವಾದದ್ದು. 1986ರ ವರ್ಲ್ಡ್ ಸೀರೀಸ್‌ನಲ್ಲಿ ಉರುಳಿ ಬಂದ ಚೆಂಡು ಅವನ ಕಾಲಸಂದಿಯಲ್ಲಿ ನುಸುಳಿತು. ಸಾವಿರಾರು ಪಂದ್ಯ ಆಡಿದವನನ್ನು ಜನ ಆ ಒಂದು ಚೆಂಡಿನಿಂದಲೇ ಗುರುತಿಟ್ಟುಕೊಂಡರು. 2008ರಲ್ಲಿ ಬಾಸ್ಟನ್‌ನವರು ಎದ್ದು ನಿಂತು ಚಪ್ಪಾಳೆ ತಟ್ಟಿ ಅವನನ್ನು ಬರಮಾಡಿಕೊಂಡರು.

ನಮ್ಮ ಕ್ರಿಕೆಟ್ ವರದಿಗಾರರು ಕಟ್ಟಿದ ಪದಗಳಲ್ಲಿ ಹುಡುಕಿದೆ. ಚಿನ್ನಿದಾಂಡಿನ ದಾಂಡಿನಿಂದ ದಾಂಡಿಗನನ್ನು ಮಾಡಿದವರು, ವಿಕೆಟ್‌ಗೆ ಹುದ್ದರಿ ಅಂದವರು ಅವರು. ಇದಕ್ಕೂ ಏನಾದರೂ ಇರಬೇಕಲ್ಲ! ಎರಡು ಸಿಕ್ಕವು. ಒಂದು, ‘ಕ್ಯಾಚ್ ಕೈಚೆಲ್ಲಿದರು’. ಇನ್ನೊಂದು, ‘ಜೀವದಾನ ಪಡೆದ ದಾಂಡಿಗ’. ಎರಡೂ ಒಳ್ಳೆಯವೇ. ಆದರೆ ಜೀವದಾನ ದಾಂಡಿಗನ ಕಡೆಯಿಂದ ನೋಡಿದ ಮಾತು. ಫೀಲ್ಡರ್ ಹೆಸರಿನ ಮುಂದೆ ‘ಜೀವದಾನ 2’ ಅಂತ ಬರೆದರೆ ಅವನು ರಕ್ತನಿಧಿಗೆ ಹೋಗಿಬಂದ ಹಾಗೆ ಕೇಳುತ್ತದೆ. ಕೈಚೆಲ್ಲು ಹತ್ತಿರ ಬರುತ್ತದೆ. ಆದರೆ ‘ಕೈಚೆಲ್ಲಿ ಕೂತ’ ಅಂದರೆ ಇನ್ನು ನನ್ನಿಂದಾಗದು ಅಂತ ಬಿಟ್ಟುಕೊಟ್ಟ ಎಂದಾಗುತ್ತದಲ್ಲ. ಜೊತೆಗೆ ಅದನ್ನು ಹೆಸರುಪದ ಮಾಡಲು ಹೋದರೆ ‘ಕೈಚೆಲ್ಲುವಿಕೆ’ ಬರುತ್ತದೆ. ಈ ‘ವಿಕೆ’ ಸೇರಿದ ಪದಗಳು ನನಗೆ ಸರ್ಕಾರಿ ಸುತ್ತೋಲೆಯ ನೆನಪು ತರುತ್ತವೆ.

ಅಪ್ಪ ಸೂಚಿಸಿದ್ದು ‘ಲೋಪ’. ಅದು ಆಡಿಟ್ ವರದಿಯ ಭಾಷೆ. ಎಡವಟ್ಟು ಅನ್ನೋಣ ಅಂದರೆ ನಗು ಬರುತ್ತದೆ. ಪ್ರಮಾದಕ್ಕೆ ತೂಕ ಜಾಸ್ತಿ.

ಪದ ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮಾರನೆಯ ದಿನ ಹಬ್ಬದ ಊಟಕ್ಕೆ ಕೂತಾಗ ಅಮ್ಮ, “ಹುಳಿಗೆ ಕೈತಪ್ಪಿ ಉಪ್ಪು ಜಾಸ್ತಿ ಬಿತ್ತು” ಅಂದರು. ಓದುವಾಗ ಕಣ್ತಪ್ಪು, ಮಾತಾಡುವಾಗ ಬಾಯ್ತಪ್ಪು, ಕೆಲಸ ಮಾಡುವಾಗ ಕೈತಪ್ಪು. ಬೇಕಂತ ಮಾಡಿದ್ದಲ್ಲ, ಆದರೆ ಆಗಬಾರದಿತ್ತು. ಬೇಸ್‌ಬಾಲ್ ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಸಾಧಾರಣ ಪ್ರಯತ್ನದಲ್ಲಿ ಆಗಬೇಕಾದ ಕೆಲಸ ಆಗದಿದ್ದರೆ ಎರರ್. ಹಾರಿ ಬಿದ್ದು ಹಿಡಿಯಬೇಕಾಗಿದ್ದ ಚೆಂಡು ತಪ್ಪಿದರೆ ಎರರ್ ಅಲ್ಲ, ಅದು ಹೊಡೆದವನ ಹಿಟ್. ತೀರ್ಮಾನ ಮಾಡುವುದು ಅಂಪೈರ್ ಅಲ್ಲ, ಪತ್ರಕರ್ತರ ಗ್ಯಾಲರಿಯಲ್ಲಿ ಕೂತ ಅಧಿಕೃತ ಸ್ಕೋರರ್.

‘ಜಡ್ಜ್ 1 ಕೈತಪ್ಪು, ವೋಲ್ಪಿ 1 ಕೈತಪ್ಪು.’ ಓದಲು ಚೆನ್ನಾಗಿದೆ, ಅಲ್ವಾ?

ಇದರಲ್ಲಿ ಇನ್ನೂ ಒಂದು ಲಾಭ ಇದೆ. ‘ಕೈತಪ್ಪಿತು’ ಅಂದರೆ ಸಿಗಬೇಕಾದದ್ದು ಸಿಗದೆ ಹೋಯಿತು ಅಂತಲೂ ಅರ್ಥ. ಚುನಾವಣೆ ಬಂದಾಗ ಎಷ್ಟು ಜನರಿಗೆ ಟಿಕೆಟ್ ಕೈತಪ್ಪುವುದಿಲ್ಲ! ಚೆಂಡು ಕೈತಪ್ಪಿತು, ಅದರ ಹಿಂದೆ ಪಂದ್ಯ ಕೈತಪ್ಪಿತು, 7–6ಕ್ಕೆ ಟ್ರೋಫಿಯೂ ಕೈತಪ್ಪಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಪಾಲಾಯಿತು.

ಆದರೆ ತೊಡಕು ಇರುವುದು ಮುಂದೆ. ಆ ಎರಡು ಕೈತಪ್ಪುಗಳಾದ ಮೇಲೆ ಬೇಸ್‌ಗಳೆಲ್ಲ ತುಂಬಿದ್ದರೂ ಕೋಲ್ ಇಬ್ಬರನ್ನು ಸ್ಟ್ರೈಕ್ ಔಟ್ ಮಾಡಿದ. ಅದರಲ್ಲಿ ಎರಡನೆಯವನು ಡಾಡ್ಜರ್ಸ್‌ನ ತಾರೆ ಶೋಹೆ ಒಟಾನಿ. ಆಮೇಲೆ ಮೂಕಿ ಬೆಟ್ಸ್ ಮೊದಲ ಬೇಸ್ ಕಡೆಗೆ ಒಂದು ಸಪ್ಪೆ ಚೆಂಡು ಉರುಳಿಸಿದ. ಅಲ್ಲಿದ್ದ ಆಂತನಿ ರಿಜೊ ಹಿಡಿದ. ಪಿಚರ್ ಓಡಿಹೋಗಿ ಬೇಸ್ ಕಾಯಬೇಕು. ಮಕ್ಕಳಿಗೂ ಕಲಿಸುವ ಪಾಠ ಅದು. ಕೋಲ್ ಬೆರಳು ತೋರಿಸುತ್ತಾ ನಿಂತುಬಿಟ್ಟ. ಬೆಟ್ಸ್ ಸೇಫ್. ಅಲ್ಲಿಂದ ಐದು ಓಟ ಬಂದು ಸ್ಕೋರ್ ಸಮವಾಯಿತು. ಮೂರರಲ್ಲಿ ಅತಿ ದುಬಾರಿಯಾದದ್ದು ಇದೇ ಅಂತ ನನ್ನ ಎಣಿಕೆ. ಆದರೆ ಇದು ಎರರ್ ಅಲ್ಲ! ಬುದ್ಧಿಯಿಂದಾದ ತಪ್ಪನ್ನು ಎರರ್ ಕಾಲಂಗೆ ಹಾಕುವಂತಿಲ್ಲ ಅಂತ ನಿಯಮವೇ ಇದೆ. ಪುಸ್ತಕದಲ್ಲಿ ಬೆಟ್ಸ್‌ಗೆ ಒಂದು ಹಿಟ್ ಅಂತ ಬಿತ್ತು.

‘ತಪ್ಪು’ ಅಂತಲೇ ಇಟ್ಟುಕೊಂಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿದ್ದೆವು. ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವನಿಗೆ ತಪ್ಪಿಲ್ಲ ಅಂತ ಹೇಳಬೇಕಾಗುತ್ತಿತ್ತು. ‘ಕೈತಪ್ಪು’ ಅಂದರೆ ಆ ತೊಂದರೆ ಇಲ್ಲ. ಕೋಲ್‌ನ ಕೈ ತಪ್ಪಲಿಲ್ಲ, ತಪ್ಪಿದ್ದು ಗಮನ. ಅದನ್ನು ‘ಮೈಮರೆವು’ ಅನ್ನಬಹುದು. ಅಪ್ಪನ ತೀರ್ಪು: “ಕಾಲ್ತಪ್ಪು ಅನ್ನು, ಓಡಲಿಲ್ಲವಲ್ಲ.”

ಮುಂದಿನ ಪದ, ಅನ್‌ಅರ್ನ್ಡ್ ರನ್. ಎರರ್ ಇಲ್ಲದಿದ್ದರೆ ಬರುತ್ತಲೇ ಇರದ ಓಟ. ಅವತ್ತಿನ ಐದೂ ಅದೇ ಜಾತಿ. ಕೈತಪ್ಪುಗಳು ಆಗದಿದ್ದರೆ ಒಟಾನಿ ಬರುವ ಮೊದಲೇ ಮೂವರು ಔಟಾಗಿ ಇನಿಂಗ್ಸ್ ಮುಗಿಯುತ್ತಿತ್ತು ಅನ್ನುವುದು ಸ್ಕೋರರ್ ಲೆಕ್ಕ. ಹಾಗಾಗಿ ಕೋಲ್‌ನ ಸರಾಸರಿಗೆ ಆ ಐದರಲ್ಲಿ ಒಂದೂ ಸೇರಲಿಲ್ಲ. ಬ್ಯಾಂಕಿನಲ್ಲಿ ಇಷ್ಟು ಸಲೀಸಾಗಿ ಯಾವ ಸಾಲವೂ ಮನ್ನಾ ಆಗುತ್ತಿರಲಿಲ್ಲ ಅಂತ ಅಪ್ಪ ಗೊಣಗಿದರು. ಇದಕ್ಕೆ ನಾನು ‘ಬಿಟ್ಟಿ ಓಟ’ ಅನ್ನುತ್ತೇನೆ. ಬಿಟ್ಟಿ ಈಗ ಪುಕ್ಕಟೆ ಅನ್ನುವ ಅರ್ಥದಲ್ಲಿ ಓಡಾಡುತ್ತಿದ್ದರೂ ಹಳೆಯ ಅರ್ಥ ಬೇರೆ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಕೂಲಿ ಕೊಡದೆ ಮಾಡಿಸುವ ಕೆಲಸ, ಬಿಟ್ಟಿ ಚಾಕರಿ. ಎರಡೂ ಅರ್ಥ ಇಲ್ಲಿ ಕೂಡುತ್ತವೆ. ಹೊಡೆದವರಿಗೆ ಓಟ ಪುಕ್ಕಟೆ. ಬೇರೆಯವರು ಚೆಲ್ಲಿದ್ದಕ್ಕೆ ಮತ್ತೆ ಮತ್ತೆ ಎಸೆಯುವ ಪಿಚರ್‌ಗೆ ಬಿಟ್ಟಿ ಚಾಕರಿ.

ಈ ಆಟದಲ್ಲಿ ನನಗೆ ಸುತರಾಂ ಆಗದ ಒಂದು ನಿಯಮಕ್ಕೂ ಈ ಪದ ಒದಗುತ್ತದೆ. ಲೀಗ್ ಪಂದ್ಯ ಒಂಬತ್ತರಲ್ಲಿ ಮುಗಿಯದೆ ಹತ್ತನೇ ಇನಿಂಗ್ಸ್‌ಗೆ ಹೋದರೆ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ಸುಮ್ನೆ ನಿಲ್ಲಿಸುತ್ತಾರೆ. ಬಿಟ್ಟಿ ಓಟಗಾರ! ಅವನು ತರುವ ಓಟವೂ ಪಿಚರ್ ಲೆಕ್ಕಕ್ಕಿಲ್ಲ. ಪುಣ್ಯಕ್ಕೆ ಪ್ಲೇಆಫ್‌ನಲ್ಲಿ ಈ ಆಟ ನಡೆಯುವುದಿಲ್ಲ. ಇದ್ದಿದ್ದರೆ ಮೊದಲ ಪಂದ್ಯದ ಹತ್ತನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್‌ಗೆ (ಬೇಸ್‌ಗಳೆಲ್ಲ ತುಂಬಿದ್ದಾಗಿನ ಹೋಮ್ ರನ್) ಆ ರುಚಿ ಇರುತ್ತಿರಲಿಲ್ಲ. ವರ್ಲ್ಡ್ ಸೀರೀಸ್ ಪಂದ್ಯವೊಂದು ಅಂಥ ಹೊಡೆತದಿಂದ ಮುಗಿದದ್ದು ಅದೇ ಮೊದಲು. ನಾನು ಸ್ಯಾನ್ ಫ್ರಾನ್ಸಿಸ್ಕೊ ಕಡೆಯವನು, ಬದ್ಧವೈರಿ ಡಾಡ್ಜರ್ಸ್ ಹೊಗಳುವುದು ನಮ್ಮಲ್ಲಿ ನಿಷಿದ್ಧ. ಆದರೂ ಎದ್ದು ನಿಂತುಬಿಟ್ಟೆ.

ಆ ಹೊಡೆತಕ್ಕೆ ಮುಂಚೆ ಬೆಟ್ಸ್‌ಗೆ ಬೇಕಂತಲೇ ವಾಕ್ (ಹೊಡೆಯದೆಯೇ ಮೊದಲ ಬೇಸ್‌ಗೆ ಹೋಗುವ ಅವಕಾಶ) ಕೊಟ್ಟಿದ್ದರು. ಈ ವಾಕ್‌ಗೆ ನನ್ನ ಹತ್ತಿರ ಪದವಿಲ್ಲ. ‘ನಡಿಗೆ’ ಅಂದರೆ ಅಪ್ಪ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಹೋಗುವುದೇ ಕಣ್ಣಮುಂದೆ ಬರುತ್ತದೆ. ಸ್ಯಾಕ್ರಿಫೈಸ್ ಫ್ಲೈ ಇನ್ನೂ ಕಷ್ಟ. ಐದನೇ ಪಂದ್ಯದಲ್ಲಿ ಡಾಡ್ಜರ್ಸ್ ಗೆದ್ದದ್ದೇ ಎಂಟನೇ ಇನಿಂಗ್ಸ್‌ನ ಅಂಥ ಎರಡು ಹೊಡೆತಗಳಿಂದ. ‘ಬಲಿ’ ಅನ್ನೋಣ ಅಂದರೆ ನಮ್ಮ ಪತ್ರಿಕೆಗಳಲ್ಲಿ ದಾಂಡಿಗ ದಿನಾ ಬೌಲರ್‌ಗೆ ಬಲಿಯಾಗುತ್ತಲೇ ಇರುತ್ತಾನೆ. ಇಲ್ಲಿ ಅವನು ಎತ್ತರದ ಕ್ಯಾಚ್ ಕೊಟ್ಟು ತಾನಾಗಿಯೇ ಔಟಾಗಿ ಇನ್ನೊಬ್ಬನನ್ನು ಮನೆಗೆ, ಅಂದರೆ ಹೋಮ್ ಬೇಸ್‌ಗೆ, ತಲುಪಿಸುತ್ತಾನೆ.

ಉಳಿದಂತೆ 2024ರ ಬಗ್ಗೆ ಹೇಳಲು ಹೆಚ್ಚಿಲ್ಲ. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 80 ಗೆದ್ದು 82 ಸೋತರು, ಅತ್ತ ಅಳುವಂತೆಯೂ ಇಲ್ಲ, ಇತ್ತ ನಗುವಂತೆಯೂ ಇಲ್ಲ. ಷಿಕಾಗೊ ವೈಟ್ ಸಾಕ್ಸ್ 121 ಸೋತು 1900ರಿಂದೀಚಿನ ದಾಖಲೆ ಮಾಡಿತು. ಒಟಾನಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಹಿಡಿಯುವುದು). ಒಂದೇ ವರ್ಷ ಎರಡರಲ್ಲೂ 50 ದಾಟಿದವರು ಅವನಿಗಿಂತ ಮುಂಚೆ ಯಾರೂ ಇಲ್ಲ. ‘ಕದಿಯುವುದು’ ಅಂತಲೇ ಇರಲಿ ಅನ್ನುವುದು ನನ್ನ ಮತ, ಅದಕ್ಕೆ ಬೇರೆ ಪದ ಬೇಡ.

ಬೇಜಾರಾದದ್ದು ಓಕ್ಲಂಡ್ ವಿಷಯಕ್ಕೆ. 1968ರಿಂದ ಅಲ್ಲಿದ್ದ ಎ’ಸ್ (ಅಥ್ಲೆಟಿಕ್ಸ್) ತಂಡ ಊರು ಬಿಟ್ಟಿತು. ಸೆಪ್ಟೆಂಬರ್ 26ಕ್ಕೆ ಅಲ್ಲಿ ಕೊನೆಯ ಪಂದ್ಯ, ಟೆಕ್ಸಸ್ ಮೇಲೆ 3–2ಕ್ಕೆ ಗೆದ್ದರು. ನಾನು ಬೇಸ್‌ಬಾಲ್ ಕಲಿತದ್ದೇ ಅವರ ಆ ಹಳೆಯ ಕೊಲಿಸಿಯಂ ಕ್ರೀಡಾಂಗಣದಲ್ಲಿ, ಬಾರ್ಟ್ ರೈಲಿನಿಂದ ಇಳಿದು ಸೇತುವೆ ದಾಟಿ ಹೋಗಿ. ಊರಿಗೆ ತಂಡ ಕೈತಪ್ಪಿತು. ಇಲ್ಲಿ ಮಾತ್ರ ಯಾರ ಕೈಯೂ ಜಾರಿದ್ದಲ್ಲ, ಬೇಕಂತಲೇ ಮಾಡಿದ್ದು.

ಈಗ ಕೇಳಬೇಕಾದದ್ದು ಕೇಳಿಬಿಡುತ್ತೇನೆ. ‘ಕೈತಪ್ಪು’ವನ್ನು ಹೀಗೆ ಹೆಸರುಪದವಾಗಿ, ಎಣಿಸುವ ಹಾಗೆ, ನಿಮ್ಮ ಕಡೆ ಬಳಸುತ್ತಾರಾ? ಒಂದು ಕೈತಪ್ಪು, ಎರಡು ಕೈತಪ್ಪು ಅಂತ? ನಮ್ಮ ಮನೆಯಲ್ಲಿ ‘ಕೈತಪ್ಪಿ’ ಬರುತ್ತದೆ, ‘ಕೈತಪ್ಪಿನಿಂದ’ ಬರುತ್ತದೆ, ಎಣಿಕೆ ಬರುವುದಿಲ್ಲ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ತಿಳಿಸಿದರೆ ಉಪಕಾರ. ಇನ್ನೊಂದು. ಲಗೋರಿ ಆಡುವಾಗ ಕೈಗೆ ಬಂದ ಚೆಂಡು ಬಿಟ್ಟವನನ್ನು ನಿಮ್ಮೂರಲ್ಲಿ ಏನಂತ ಕೂಗಿ ರೇಗಿಸುತ್ತಿದ್ದಿರಿ? ನಮ್ಮಲ್ಲಿ ‘ತೂತುಗೈ’ ಅನ್ನುತ್ತಿದ್ದೆವು. ಅದನ್ನು ಸ್ಕೋರ್‌ಬೋರ್ಡ್‌ಗೆ ಹಾಕುವುದು ಕಷ್ಟ, ಆದರೂ ಅಪ್ಪನ ಓಟು ಸದ್ಯಕ್ಕೆ ಅದಕ್ಕೇ.