ಪಾಟರ್‌ನ ಕುದುರೆ ಎಚ್ಚಿಂಗ್ ನಕಲು: ಹೊಟ್ಟೆಯ ನೆರಳು ಕಪ್ಪಾಗದೆ ಬೂದುಬಣ್ಣವಾಗ್ತಿದೆ

ತಾಮ್ರದತಗಡು: ಡಚ್ ಕಲಾವಿದ ಪೌಲುಸ್ ಪಾಟರ್ 1652ರಲ್ಲಿ ಮಾಡಿದ ಐದು ಕುದುರೆ ಎಚ್ಚಿಂಗ್‌ಗಳಲ್ಲಿ ಉಳುಮೆಯ ಜೋಡಿಯನ್ನು ಅಭ್ಯಾಸಕ್ಕೆ ನಕಲು ಮಾಡ್ತಿದೀನಿ (ಎಚ್ಚಿಂಗ್ ಅಂದರೆ ಲೋಹದ ತಗಡಿನ ಮೇಲೆ ಗೆರೆಗಳನ್ನು ದ್ರಾವಣದಿಂದ ಕೊರೆಸಿ, ಮಸಿ ತುಂಬಿ ಅಚ್ಚು ತೆಗೆಯೋದು). 15×20 ಸೆಂ.ಮೀ. ತಾಮ್ರ, ಹಾರ್ಡ್ ಗ್ರೌಂಡ್ (ಸೂಜಿಯಿಂದ ಗೆರೆ ಎಳೆಯುವ, ದ್ರಾವಣ ತಡೆಯುವ ಮೇಣದ ಲೇಪ), ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್‌ನಲ್ಲಿ ಒಂದೇ ಸಲ 50 ನಿಮಿಷ. ದೂರದ ಬಯಲೂ ಕುದುರೆಯಷ್ಟೇ ಗಾಢವಾಗಿ ಬಂತು. ಹೊಟ್ಟೆಯಡಿ ಒತ್ತಾಗಿ ಅಡ್ಡಗೆರೆ ಎಳೆದ ಕಡೆಯಲ್ಲಿ ಬೂದುಬಣ್ಣದ ಮಚ್ಚೆ. ತಪ್ಪೆಲ್ಲಿ?

ಗೆರೆಗಾರ: ಎರಡೂ ಬೇರೆಬೇರೆ ತಪ್ಪು. ಮೊದಲನೆಯದು ಒಂದೇ ಸಲ ಕೊರೆಸಿದ್ದು. ಆ ಕಾಲದವರು ದೂರ-ಹತ್ತಿರವನ್ನು ತೋರಿಸಿದ್ದೇ ಹಂತಹಂತವಾಗಿ ಕೊರೆಸಿ. ಎಚ್ಚಿಂಗ್ ಕಲಾವಿದ ಜಾಕ್ ಕಾಲೋ ಅದರಲ್ಲಿ ಪಳಗಿದ ಕೈ. 40 ಬೋಮೆ (ಸಾಂದ್ರತೆಯ ಅಳತೆ) ದ್ರಾವಣವಾದರೆ ಮೊದಲು 8-10 ನಿಮಿಷ. ತೊಳೆದು, ಪೂರ್ತಿ ಒಣಗಿಸಿ, ಬಯಲಿಗೂ ಆಕಾಶಕ್ಕೂ ಕೊರೆತ ತಡೆಯುವ ಸ್ಟಾಪ್-ಔಟ್ ವಾರ್ನಿಷ್ ಬಳೀರಿ. ಮತ್ತೆ 15 ನಿಮಿಷ ಕೊರೆಸಿ, ಆಮೇಲೆ ಮೈಯ ತಿಳಿ ಭಾಗ ಮುಚ್ಚಿ. ನೆರಳಿಗೆ, ಗೊರಸಿಗೆ ಇನ್ನೂ 20-25. ದ್ರಾವಣ ಹಳೆಯದೋ ತಣ್ಣಗೋ ಇದ್ದರೆ ಈ ಲೆಕ್ಕ ತಪ್ಪುತ್ತೆ, ಅದಕ್ಕೇ ಚೂರು ತಗಡಿನ ಮೇಲೆ ಮೊದಲು ಪರೀಕ್ಷೆ. ಪ್ಲೇಟನ್ನು ಮುಖ ಕೆಳಗೆ ಮಾಡಿ, ಮೂಲೆಗಳಿಗೆ ಆಸರೆ ಕೊಟ್ಟು ತೇಲಿಸಿಡಿ. ಮೇಲ್ಮುಖವಾಗಿಟ್ಟರೆ ತುಕ್ಕುಬಣ್ಣದ ಗಸಿ ಗೆರೆಯೊಳಗೆ ಕೂತು ಕೊರೆತ ನಿಂತುಬಿಡುತ್ತೆ.

ಮಸಿಬಟ್ಟೆ: ಆ ಬೂದು ಮಚ್ಚೆ ಬಗ್ಗೆ. ದ್ರಾವಣ ಆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತೆ. ಗೆರೆಗಳ ನಡುವಿನ ತಾಮ್ರದ ಗೋಡೆ ಕುಸಿದು, ಗ್ರೌಂಡ್ ಕಿತ್ತು, ಅಗಲವಾದ ಹಳ್ಳ ಆಗಿದೆ. ಅಂಥ ಹಳ್ಳದಲ್ಲಿ ಮಸಿ ನಿಲ್ಲಲ್ಲ. ಒರೆಸುವಾಗ ಮಧ್ಯದ್ದೆಲ್ಲ ಬಟ್ಟೆಗೆ ಹೋಗಿ ಅಂಚಿನಲ್ಲಷ್ಟೇ ಉಳಿಯುತ್ತೆ. ಇನ್ನೂ ಕೊರೆಸಿದರೆ ಮತ್ತಷ್ಟು ಕೆಡುತ್ತೆ. ಸ್ಕ್ರೇಪರ್‌ನಿಂದ ಕೆರೆದು, ಬರ್ನಿಷರ್‌ನಿಂದ ನಯ ಮಾಡಿ, ಹೊಸದಾಗಿ ಗ್ರೌಂಡ್ ಹಾಕಿ. ಈ ಸಲ ಗೆರೆಗಳು ಮೈಯ ಉಬ್ಬನ್ನೇ ಅನುಸರಿಸಲಿ, ಒಂದರ ಮೇಲೊಂದು ಹೇರಬೇಡಿ. ಗಾಢತೆ ಕೊರೆಯುವ ಸಮಯದಿಂದ ಬರಲಿ. ಗ್ರೌಂಡ್ ನೀವೇ ಕಾಸೋದಾದರೆ ಜೇನುಮೇಣ 2 ಪಾಲು, ಆಸ್ಫಾಲ್ಟಮ್ (ಡಾಂಬರಿನಂಥ ಕಪ್ಪು ವಸ್ತು) 2, ರಾಳ 1. ರಾಳ ಜಾಸ್ತಿಯಾದರೆ ಸೂಜಿ ತಾಗಿದ ಕಡೆ ಸಿಡಿದು ಚಕ್ಕೆ ಏಳುತ್ತೆ.

ತಾಮ್ರದತಗಡು: ಸರಿ, ಕೆರೆದು ನೋಡ್ತೀನಿ. ಡಚ್ ಕೃತಿ ಅಂತ ಡಚ್ ಮಾರ್ಡೆಂಟ್ (ತಾಮ್ರ ಕೊರೆಯುವ ಇನ್ನೊಂದು ದ್ರಾವಣ) ಬಳಸಿದರೆ ಹೆಚ್ಚು ಹತ್ತಿರ ಬರುತ್ತಾ?

ಗೆರೆಗಾರ: ಹೆಸರು ನಂಬಬೇಡಿ, ಅದು 19ನೇ ಶತಮಾನದ್ದು. 1645ರಲ್ಲಿ ಫ್ರೆಂಚ್ ಎಚ್ಚಿಂಗ್ ಕಲಾವಿದ ಅಬ್ರಹಾಂ ಬಾಸ್ ಬರೆದಿಟ್ಟ ದ್ರಾವಣದಲ್ಲಿದ್ದದ್ದು ವಿನೆಗರ್, ಉಪ್ಪು, ನವಸಾಗರ, ತಾಮ್ರದ ಕಿಲುಬು. ನಿಮಗೆ ಫೆರಿಕ್ಕೇ ಸಾಕು. ಅಂದಹಾಗೆ, ಪ್ರಿಂಟ್‌ನಲ್ಲಿ ಎಡಬಲ ಅದಲುಬದಲಾಗುತ್ತೆ. ಟ್ರೇಸಿಂಗ್ ಹಾಳೆ ಮಗುಚಿಹಾಕದಿದ್ದರೆ ಕುದುರೆ ಪಾಟರ್‌ನದಕ್ಕಿಂತ ಉಲ್ಟಾ ದಿಕ್ಕಿಗೆ ನಿಲ್ಲುತ್ತೆ.