ಟಾರ್ಚ್ ಕಾಣ್ತಿಲ್ಲ, ವಿಮಾನ ಹೋಗಿಬಿಟ್ಟಿದೆ: ಒಂದು ಪ್ರಶ್ನೋತ್ತರ

ಹ್ಯಾಂಗರ್ ಅಣ್ಣ: ನಮಸ್ಕಾರ. ಎಎಂಇ, ಅಂದರೆ ವಿಮಾನ ನಿರ್ವಹಣಾ ಇಂಜಿನಿಯರ್ ಲೈಸೆನ್ಸ್ ಹಿಡಿದು ವಿಮಾನ ರಿಪೇರಿಯಲ್ಲಿ 26 ವರ್ಷ ಕಳೆದಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಬಂದೆ, ನಿದ್ದೆ ಬರುವವರೆಗೆ ಇರುತ್ತೇನೆ. ರಿಪೇರಿ, ಕೊನೆಯ ತಪಾಸಣೆ ಬಗ್ಗೆ ಏನಿದ್ದರೂ ಕೇಳಿ.

ಬನಶಂಕರಿ ಅಜ್ಜಿ: ಹೋದ ವಾರ ಕಿಟಕಿಯಿಂದ ನೋಡಿದರೆ ರೆಕ್ಕೆಗೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದ್ದರಪ್ಪ. ಜೀವ ಬಾಯಿಗೆ ಬಂತು.

ಹ್ಯಾಂಗರ್ ಅಣ್ಣ: ಹೆದರಬೇಡಿ ಅಮ್ಮ. ಅದು ಸ್ಪೀಡ್ ಟೇಪ್, ಅಲ್ಯೂಮಿನಿಯಂ ಹಾಳೆಯದು. ಮ್ಯಾನ್ಯುಯಲ್ ಒಪ್ಪಿದ ಜಾಗದಲ್ಲಿ ಮಾತ್ರ ಹಾಕಿ, ಲಾಗ್‌ಬುಕ್‌ನಲ್ಲಿ ಬರೆಯುತ್ತೇವೆ. ಕಾಣುವ ಟೇಪಿಗಿಂತ ಮರೆತ ಟೇಪ್ ನನಗೆ ಜಾಸ್ತಿ ಭಯ. 1996ರ ಅಕ್ಟೋಬರ್ 2, ಪೆರು ದೇಶದ ಲಿಮಾ. ಏರೋಪೆರು ಕಂಪನಿಯ ಬೋಯಿಂಗ್ 757 ವಿಮಾನ ತೊಳೆಯುವಾಗ ಗಾಳಿಯ ಒತ್ತಡ ಅಳೆಯುವ ಸಣ್ಣ ತೂತುಗಳಿಗೆ ಟೇಪ್ ಅಂಟಿಸಿದರು. ತೆಗೆಯಲಿಲ್ಲ. ಮೇಲ್ವಿಚಾರಕ ನೋಡಲಿಲ್ಲ. ಕತ್ತಲಲ್ಲಿ ಸುತ್ತು ಹಾಕಿದ ಪೈಲಟ್‌ಗೂ ಕಾಣಲಿಲ್ಲ. ಸಮುದ್ರದ ಮೇಲೆ ಎತ್ತರ, ವೇಗ ಎರಡೂ ಸುಳ್ಳು ತೋರಿಸಿದವು. 70 ಜನ ಸತ್ತರು.

ದಾವಣಗೆರೆ ಫ್ಯಾನ್: ಸರ್, ಒಂದು ಫಾರ್ವರ್ಡ್ ಬಂದಿದೆ. ರೆಕ್ಕೆ ಮೇಲೆ ಟೇಪ್ ಕಂಡರೆ ಎಮರ್ಜೆನ್ಸಿ ಬಾಗಿಲು ತೆಗೆದು ಇಳಿಯಬೇಕಂತೆ. ನಿಜವೇ?

ಹ್ಯಾಂಗರ್ ಅಣ್ಣ: ಬಾಗಿಲು ಮುಟ್ಟಬೇಡಿ! ತುರ್ತಾಗಿ ಜಾರಿ ಇಳಿಯುವ ಗಾಳಿ ಜಾರುಬಂಡೆ ಉಬ್ಬಿ ಕೆಳಗಿರುವ ನಮ್ಮ ಹುಡುಗರಿಗೆ ಬಡಿಯಬಹುದು. ಅನುಮಾನ ಇದ್ದರೆ ಕ್ಯಾಬಿನ್ ಸಿಬ್ಬಂದಿಗೆ ಹೇಳಿ. ಇಂಥದ್ದನ್ನು ಹಂಚುವವರಿಗೆ ಏನು ಸಿಗುತ್ತೋ.

ತಿಪಟೂರು ತಂದೆ: ಮಗ ಪಿಯುಸಿ ಸೈನ್ಸ್. ಎಎಂಇ ಕೋರ್ಸಿಗೆ ಫೀಸ್ ಎಷ್ಟಾಗುತ್ತೆ ಸರ್?

ಹೊಸ ಟೆಕ್ನಿಷಿಯನ್: ಸರ್, ಸ್ವಲ್ಪ ಅರ್ಜೆಂಟ್. ರಾತ್ರಿ ಗೇರ್ ಬೇ (ಚಕ್ರ ಮಡಚಿಕೊಳ್ಳುವ ಗೂಡು) ಒಳಗೆ ಫಿಲ್ಟರ್ ಬದಲಿಸಿದೆ. ರೂಮಿಗೆ ಬಂದು ನೋಡಿದರೆ ಜೇಬಿನ ಟಾರ್ಚ್ ಇಲ್ಲ. ನನ್ನ ಸ್ವಂತದ್ದು. ಟೂಲ್ ಲೆಕ್ಕ ಸರಿ ಇತ್ತು, ಸಹಿ ಆಗಿ ವಿಮಾನ 6 ಗಂಟೆಗೆ ಹೋಯಿತು. ಸೀನಿಯರ್‌ಗೆ ಹೇಳಿದರೆ, ಎಲ್ಲೋ ಬಿದ್ದಿರುತ್ತೆ, ಸುಮ್ನೆ ಮಲಗು ಅಂದರು.

ಹ್ಯಾಂಗರ್ ಅಣ್ಣ: ತಮ್ಮಾ, ಮಲಗಬೇಡ. ಮೊದಲು ಮೇಂಟೆನೆನ್ಸ್ ಕಂಟ್ರೋಲ್‌ಗೆ (ರಿಪೇರಿ ಕೆಲಸ ನೋಡಿಕೊಳ್ಳುವ ಕಚೇರಿಗೆ) ಫೋನ್ ಮಾಡು. ವಿಮಾನದ ನಂಬರ್, ಕೆಲಸ ಮಾಡಿದ ಜಾಗ, ಟಾರ್ಚಿನ ಉದ್ದ, ಬಣ್ಣ ಹೇಳು. ಮಾಡಿ ಬಂದು ಇದನ್ನು ಓದು.

ಟೂಲ್ ಲೆಕ್ಕ ಸರಿ ಇತ್ತು ಅಂದೆಯಲ್ಲ, ನನಗೆ ಚಿಂತೆ ಅದೇ. ಟೂಲ್ ಬೋರ್ಡಿನ ಮೇಲೆ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರದ ಗುರುತು ಇರುತ್ತೆ. ಖಾಲಿ ಕಂಡರೆ ವಿಮಾನ ಬಿಡೋದಿಲ್ಲ. ನಿನ್ನ ಟಾರ್ಚಿಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಅದು ಕಳೆದದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ನೀನು ಕೆಲಸ ಮಾಡಿದ್ದು ಚಕ್ರ ಮಡಚುವ ಜಾಗದಲ್ಲಿ. ಕೆಲವು ವಿಮಾನಗಳಲ್ಲಿ ಕಂಟ್ರೋಲ್ ಕೇಬಲ್‌ಗಳೂ ಅಲ್ಲೇ ಹಾದುಹೋಗುತ್ತವೆ.

ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380 ವಿಮಾನದ ಕಥೆ ಕೇಳು. 2023ರ ಡಿಸೆಂಬರ್, ಲಾಸ್ ಏಂಜಲಿಸ್. ಇಂಜಿನ್ ತಿರುಗಿಸುವ ಒಂದೂಕಾಲು ಮೀಟರ್ ಉದ್ದದ ನೈಲಾನ್ ಟೂಲ್ ಒಳಗೇ ಉಳಿಯಿತು. ಟೂಲ್ ವಾಪಸ್ ಬಂದಿರಲಿಲ್ಲ. ಆದರೂ ಹುಡುಕುವ ವಿಧಾನ ಶುರು ಮಾಡದೆ ವಿಮಾನ ಬಿಟ್ಟರು. 34 ಸಲ, ಸುಮಾರು 294 ಗಂಟೆ ಹಾರಿದ ಮೇಲೆ ಸಿಕ್ಕಿತು. ಯಾರಿಗೂ ಏನೂ ಆಗಲಿಲ್ಲ, ಅದೃಷ್ಟ.

ನೀನಾಗಿಯೇ ಹೇಳಿದರೆ ಬೈಗುಳ ಬೀಳಬಹುದು. ಬೀಳಲಿ. ಫೋನ್ ಮಾಡಿದ ಟೈಮ್ ಬರೆದಿಟ್ಟುಕೋ.

ಕೆಂಗೇರಿ ಕುತೂಹಲಿ: ಸರ್, ರೆಕ್ಕೆ ಮೇಲೆ ಟೇಪ್ ಇದ್ದರೆ ಅಪಾಯವೇ?

ಹ್ಯಾಂಗರ್ ಅಣ್ಣ: ಮೇಲೆ ಓದಿ.

ರಿಟೈರ್ಡ್ ರಾಯರು: ನಮ್ಮ ಕಾಲದಲ್ಲಿ ಹೀಗೆಲ್ಲ ಆಗುತ್ತಿರಲಿಲ್ಲ. ಬೋಲ್ಟ್ ಕೈಯಲ್ಲಿ ಹಿಡಿದರೆ ಸೈಜ್ ಹೇಳುತ್ತಿದ್ದೆವು. ಈಗಿನವರಿಗೆ ಮೊಬೈಲ್ ಬಿಟ್ಟರೆ ಬೇರೇನೂ ಬೇಡ.

ಶಿಫ್ಟ್ ಹುಡುಗಿ: ರಾಯರೇ, ಬೆಳಗಿನ ಜಾವ 3 ಗಂಟೆಗೆ ಬೇ ಒಳಗೆ ಬಗ್ಗಿ ಕೆಲಸ ಮಾಡಿ ತೋರಿಸಿ, ಆಮೇಲೆ ಮೊಬೈಲ್ ಮಾತು.

ರಿಟೈರ್ಡ್ ರಾಯರು: ನೀವು ಹುಟ್ಟುವ ಮೊದಲೇ ಮಾಡಿದ್ದೇನಮ್ಮ.

ಹ್ಯಾಂಗರ್ ಅಣ್ಣ: ರಾಯರೇ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತೆ ಅಂದಿರಿ. 1990ರ ಜೂನ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅನುಭವಿ ಮ್ಯಾನೇಜರ್ ರಾತ್ರಿ ತಾನೇ ಕಾಕ್‌ಪಿಟ್ ಗಾಜು ಬದಲಿಸಿದ. ಹಳೇ ಬೋಲ್ಟ್ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲೇ ಹೊಸದನ್ನು ಆರಿಸಿದ. ಸ್ಟೋರಿನವನು ಸರಿಯಾದ ನಂಬರ್ ಹೇಳಿದ್ದರೂ ಕೇಳಲಿಲ್ಲ. 90ರಲ್ಲಿ 84 ಬೋಲ್ಟ್ ತೆಳು, ವ್ಯತ್ಯಾಸ ಮುಕ್ಕಾಲು ಮಿಲಿಮೀಟರ್‌ಗೂ ಕಡಿಮೆ. ಉಳಿದ 6 ಗಿಡ್ಡ. ಇನ್ನೊಬ್ಬರು ನೋಡಬೇಕೆಂಬ ನಿಯಮ ಆ ಕೆಲಸಕ್ಕೆ ಇರಲಿಲ್ಲ. 17,300 ಅಡಿಯಲ್ಲಿ ಗಾಜು ಹಾರಿತು, ಕ್ಯಾಪ್ಟನ್ ಅರ್ಧ ಮೈ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು.

ರಿಟೈರ್ಡ್ ರಾಯರು: ಅದು ಇಂಗ್ಲೆಂಡು.

ಶಿಫ್ಟ್ ಹುಡುಗಿ: ಬೋಲ್ಟಿಗೆ ಪಾಸ್‌ಪೋರ್ಟ್ ಇರುತ್ತಾ?

ದಾವಣಗೆರೆ ಫ್ಯಾನ್: ಇನ್ನೊಂದು ಫಾರ್ವರ್ಡ್ ಸರ್. ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಉಪಕರಣ) ಇಲ್ಲದಿದ್ದರೆ ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕಂತೆ.

ಹ್ಯಾಂಗರ್ ಅಣ್ಣ: ಡಿಲೀಟ್ ಮಾಡಿ. ಸೈಕಲ್‌ಗೆ ಹಾಕಿಕೊಳ್ಳಿ, ವಿಮಾನಕ್ಕೆ ಬೇಡ. ಜಾಸ್ತಿ ಬಿಗಿದರೂ ಬೋಲ್ಟ್ ತುಂಡಾಗುತ್ತೆ. ರೆಂಚ್ ಇಲ್ಲ ಅಂದರೆ ಕೆಲಸ ನಿಲ್ಲಿಸಬೇಕು. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರಿಸಲ್ಲ.

ದಾವಣಗೆರೆ ಫ್ಯಾನ್: ಕೇಳಿದ್ದೇ ತಪ್ಪಾಯ್ತಾ? ಇಷ್ಟು ಕೋಪ ಇದ್ದರೆ ಪ್ರಶ್ನೋತ್ತರ ಯಾಕೆ ಇಡಬೇಕಿತ್ತು?

ಕೆಂಗೇರಿ ಕುತೂಹಲಿ: ಅವರು ರಾತ್ರಿಯಿಡೀ ನಿದ್ದೆಗೆಟ್ಟು ಬಂದಿದ್ದಾರೆ ಮಾರಾಯ್ರೇ.

ತಿಪಟೂರು ತಂದೆ: ಫೀಸ್ ಕೇಳಿದ್ದೆ ಸರ್.

ರಿಟೈರ್ಡ್ ರಾಯರು: ಹಿರಿಯರಿಗೆ ಮರ್ಯಾದೆ ಇಲ್ಲದ ಕಡೆ ನಾನಿರಲ್ಲ.

ಶಿಫ್ಟ್ ಹುಡುಗಿ: ಮೂರನೇ ಸಲ ಹೇಳ್ತಿದ್ದೀರಿ.

ಹೊಸ ಟೆಕ್ನಿಷಿಯನ್: ಫೋನ್ ಮಾಡಿದೆ ಸರ್, 9.20ಕ್ಕೆ. ವಿಮಾನ ಇಳಿದಿತ್ತು. ಮುಂದಿನ ಟ್ರಿಪ್ ನಿಲ್ಲಿಸಿ ಬೇ ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಸೀನಿಯರ್ ಫೋನ್ ಎತ್ತುತ್ತಿಲ್ಲ.

ಹ್ಯಾಂಗರ್ ಅಣ್ಣ: ಒಳ್ಳೇದು ಮಾಡಿದೆ ತಮ್ಮಾ. ಫಿಲ್ಟರ್ ಬಿಚ್ಚುವಾಗ ಎರಡೂ ಕೈ ಬೇಕು, ಟಾರ್ಚನ್ನು ಪೈಪುಗಳ ಸಂದಿಗೆ ಸಿಕ್ಕಿಸಿರುತ್ತೀಯ. ಎಲ್ಲಿ ನಿಂತಿದ್ದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ನೆನಪು ಮಾಡಿಕೊಂಡು ಅವರಿಗೆ ಹೇಳು. ನಾನು ಎಚ್ಚರ ಇರುತ್ತೇನೆ.